ಜನರೇಟರಿನ ಸಣ್ಣ ತೂತು, 130 ವರ್ಷ ದಾಟಿದ ಕಥೆ

ಜಾತ್ರೆ ಮುಗಿದು ಮೂಲೆ ಸೇರಿದ ಜನರೇಟರ್, ಮುಂದಿನ ಮದುವೆಗೆ ಹೊರತೆಗೆದರೆ ಚೋಕ್ ಹಾಕಿದಾಗ ಮಾತ್ರ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ನಾವು ಕೇಳುವ ಮೊದಲ ಮಾತು: ‘ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿ’. ದುಡ್ಡು ಎಣಿಸುವ ಮುನ್ನ ಅದರ ಚರಿತ್ರೆ ನೋಡೋಣ.

1885ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಕಟ್ಟಿದ ಕಾರಿನಲ್ಲಿ ಇಂಧನ ತಾನಾಗಿ ಆವಿಯಾಗಿ ಗಾಳಿಗೆ ಬೆರೆಯಬೇಕಿತ್ತು. 1893ರಲ್ಲಿ ಹಂಗೇರಿಯ ಡೊನಾತ್ ಬಾಂಕಿ, ಯಾನೋಶ್ ಚೋಂಕಾ ಜೋಡಿ ಒಂದು ಕಡೆ, ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಇನ್ನೊಂದು ಕಡೆ ಹೊಸ ದಾರಿ ಕಂಡರು. ಇಂಜಿನ್ ಗಾಳಿ ಎಳೆದಾಗ ಸಣ್ಣ ತೂತಿನಿಂದ ಪೆಟ್ರೋಲ್ ತುಂತುರಾಗಿ ಚಿಮ್ಮುವಂತೆ ಮಾಡಿದರು. ನಮ್ಮ ಜನರೇಟರಿನ ಜೆಟ್ ಅಂಥದೇ ತೂತು.

ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಅದನ್ನೇ ಕಟ್ಟಿಬಿಡುತ್ತದೆ. ಇಂಜಿನ್ ತಣ್ಣಗಾದ ಮೇಲೆ, ಬೆಂಕಿಯಿಂದ ದೂರ, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ. ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ. ತೂತು ಕಟ್ಟಿದ್ದರೆ ಕ್ಲೀನರ್ ಸ್ಪ್ರೇ ಹೊಡೆದು, ವೈರಿನ ಒಂದು ತಾಮ್ರದ ಎಳೆ ತೂರಿಸಿ. ಉಕ್ಕಿನ ಸೂಜಿ ಬೇಡ. ತೂತು ಹಿಗ್ಗಿದರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ.

ಇನ್ನು ಮುಂದೆ ಕೆಲಸ ಮುಗಿದ ದಿನವೇ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡೋಣ. ಬಟ್ಟಲಲ್ಲಿ ಪೆಟ್ರೋಲ್ ಉಳಿಯದಿದ್ದರೆ ಅಂಟೂ ಇಲ್ಲ.