ತಿಮ್ಮಯ್ಯನ ಗುಂಡು, ದೊರೆಯ ಅಕ್ಷರ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ ಈಗ ಅಶೋಕ ಸಿದ್ದಾಪುರ. ಮೌರ್ಯ ದೊರೆಯ ಶಾಸನ ಸಿಕ್ಕಿತೆಂದು ಅವನ ಹೆಸರನ್ನೇ ಊರಿನ ಮುಂದೆ ಕಟ್ಟಿಕೊಂಡಿದ್ದೇವೆ. ತಮಾಷೆಯೆಂದರೆ ಇಲ್ಲಿನ ಬಂಡೆಗಳ ಮೇಲೆ ಅಶೋಕ ಎಂಬ ಹೆಸರೇ ಇಲ್ಲ. ಇರುವುದು ದೇವಾನಾಂಪಿಯ, ಅಂದರೆ ದೇವರಿಗೆ ಪ್ರಿಯನಾದವನು ಎಂಬ ಬಿರುದು. ಆ ಬಿರುದಿನ ಜೊತೆಗೇ ಅಶೋಕನ ಹೆಸರೂ ಇದ್ದ ಕಲ್ಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ.

ಬಂಡೆಗಳಿಗೆ ಮಾತ್ರ ಮೊದಲೇ ಹೆಸರಿತ್ತು. ಪಕ್ಕದ ಬ್ರಹ್ಮಗಿರಿಯದು ಅಕ್ಷರಗುಂಡು, ಅದಕ್ಕೆ ಔಷಧದ ಗುಣವಿದೆ ಎಂದು ಸುತ್ತಲಿನ ಜನ ನಂಬಿದ್ದರು. ಸಿದ್ದಾಪುರದ್ದು ಎನಮನ ತಿಮ್ಮಯ್ಯನ ಗುಂಡ್ಲು, ಎಮ್ಮೆ ಕಾಯುವ ತಿಮ್ಮಯ್ಯನ ಬಂಡೆಗಳು. ತೆಲುಗು ಕನ್ನಡ ಎರಡೂ ಬೆರೆತ ಗಡಿಯ ಮಾತು ಅದು. ಮೂರನೆಯದು ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ, ಗುಡಿಯ ಮೆಟ್ಟಿಲ ಹತ್ತಿರ: ಬಳೆಗಾರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಅಲ್ಲಿನ ಅಕ್ಷರ ಬಹುಪಾಲು ಸವೆದು ಹೋಗಿದೆ. ಎಷ್ಟು ವರ್ಷ ಎಷ್ಟು ಹೆಂಗಸರು ಆ ಸಾಲುಗಳ ಮೇಲೆ ಕೂತು ಕೈಯೊಡ್ಡಿ ಬಳೆ ತೊಡಿಸಿಕೊಂಡರೋ! ಇದನ್ನು ಶಾಸನದ ಹಾನಿ ಎನ್ನಲು ನನಗೆ ಮನಸ್ಸಿಲ್ಲ.

1892ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ ಈ ಮೂರನ್ನೂ 'ಕಂಡುಹಿಡಿದರು'. ಓದಿಸಿ ಲೋಕಕ್ಕೆ ತಿಳಿಸಿದ ಋಣ ದೊಡ್ಡದು, ಅದರಲ್ಲಿ ಮಾತಿಲ್ಲ. ಆದರೆ ಕಲ್ಲಿನ ಮೇಲೆ ಅಕ್ಷರವಿದೆ ಎಂದು ಅಕ್ಷರ ಬಾರದವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಕ್ಷರಗುಂಡು ಎಂಬ ಹೆಸರು.

ಇನ್ನು ಬರಹದೊಳಗಿನದು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ ಅಪ್ಪಣೆ ಕಳಿಸುತ್ತಾರೆ: ತಾಯಿ ತಂದೆಯರ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ಸತ್ಯ ಹೇಳಬೇಕು. ಕಳಿಂಗದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಎಂಬ ದೊರೆಯ ಪಶ್ಚಾತ್ತಾಪ ಇರುವುದು 13ನೆಯ ಬಂಡೆಶಾಸನದಲ್ಲಿ. ಕಾಡಿನ ಜನರಿಗೆ ಎಚ್ಚರಿಕೆ ಕೊಟ್ಟದ್ದೂ ಅದರಲ್ಲೇ. ಅದು ಇಲ್ಲಿಗೆ ಬರಲಿಲ್ಲ. ನಮಗೆ ಬಂದದ್ದು ವಿಧೇಯತೆಯ ಪಾಠ, ಅದೂ ಪ್ರಾಕೃತದಲ್ಲಿ. ಕೆತ್ತಿದವನು ಚಪಡ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಇಡೀ ಬರಹದಲ್ಲಿ ಈ ನೆಲದ ಮಾತೆಂದು ನಾವು ಹಿಡಿದುಕೊಂಡಿರುವುದು ಇಸಿಲ ಒಂದೇ. ಅದು ಬಾಣ ಬಿಡುವುದಕ್ಕೆ ಸಂಬಂಧಿಸಿದ ಕನ್ನಡದ ಇಸು ಧಾತುವಿನಿಂದ ಬಂದದ್ದೆಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದರು. ಬೇಡರ ಸೀಮೆಯವನಾದ ನನಗೆ ಆ ವಾದ ಪ್ರಿಯ. ಪ್ರಿಯವೆಂಬ ಕಾರಣಕ್ಕೇ ಸ್ವಲ್ಪ ಅನುಮಾನವೂ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಬುಡ ಅಗೆಸಿದರು. ಮೌರ್ಯರಿಗಿಂತ ಎಷ್ಟೋ ಹಿಂದಿನ, ಕಲ್ಲುಕೊಡಲಿಯ ಕಾಲದ ಜನ ಮೇಲೆ ಬಂದರು. ದೊಡ್ಡವರನ್ನು ನೀಳವಾಗಿ ಮಲಗಿಸಿ ಹೂತಿದ್ದರು, ಹಸುಗೂಸುಗಳನ್ನು ಮಡಕೆಯಲ್ಲಿಟ್ಟು. ಶಾಲೆಯ ಪುಸ್ತಕದಲ್ಲಿ ಬ್ರಹ್ಮಗಿರಿ ಎಂದರೆ ಅಶೋಕ. ಆ ಮಡಕೆಗಳ ಸುದ್ದಿ ನಾನು ಕೇಳಿದ್ದು ತಲೆ ನರೆತ ಮೇಲೆ.

ಊರ ಚರಿತ್ರೆ ಬರೆಯುವವರು ಬಾಯಿಗೆ ತರದ ಇನ್ನೊಂದು ಹೆಸರು ಬಸವಿ. ಬಳ್ಳಾರಿ, ಚಿತ್ರದುರ್ಗ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು ತವರಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಅವಳಿಗೆ ಮಗನಂತೆ ಆಸ್ತಿಯ ಹಕ್ಕು ಬಂತು ಎಂದು ಹೊಗಳುವವರಿದ್ದಾರೆ. ಅವಳು ಯಾರ ಪಾಲಾದಳು, ಬಿಟ್ಟವರು ಯಾವ ಕೇರಿಯವರು ಎಂದು ಕೇಳಿ ನೋಡಿ, ಮಾತು ಮಳೆಯ ಕಡೆಗೆ ತಿರುಗುತ್ತದೆ. ಇದನ್ನು ನಿಷೇಧಿಸಿದ ರಾಜ್ಯದ ಕಾಯ್ದೆ 1982ರದು. ಅಂದರೆ ಇದು ನಮ್ಮ ಕಾಲದ ಮಾತೇ.

ಪಕ್ಕದ ಚಳ್ಳಕೆರೆಯ ಕಾವಲುಗಳ ಕಥೆಗೂ ಹೀಗೆ ಎರಡು ಮಗ್ಗುಲು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಈ ತಳಿಯ ಎತ್ತುಗಳು ಹೈದರ್, ಟಿಪ್ಪುವಿನ ಫಿರಂಗಿ ಎಳೆದವು, 1799ರ ನಂತರ ಕಂಪನಿಯ ಫಿರಂಗಿಯನ್ನೂ. 1860ರಲ್ಲಿ ಬ್ರಿಟಿಷರು ಹಿಂಡನ್ನು ಹರಾಜಿಗೆ ಹಾಕಿ, ಎತ್ತು ಸಾಲದೆ 1866ರಲ್ಲಿ ಮತ್ತೆ ಕಟ್ಟಿದರು. ಹಿಂಡಿಗೆಂದು ಕಾದಿಟ್ಟ ಹುಲ್ಲುಗಾವಲೇ ಕಾವಲು. ಹಾಗಾಗಿ ಅದು ಆದಿಯಿಂದಲೂ ಎಲ್ಲರ ಗೋಮಾಳವಾಗಿತ್ತು ಎಂದರೆ ಪೂರ್ತಿ ನಿಜವಲ್ಲ, ಹುಟ್ಟಿದ್ದೇ ದಂಡಿಗಾಗಿ. ದಂಡು ಹೋದ ಮೇಲೆ ಅಲ್ಲಿ ಬದುಕಿದವರು ಬೇರೆ: ಮ್ಯಾಸಬೇಡರ ದೇವರ ಎತ್ತು, ಗೊಲ್ಲರ ಹಟ್ಟಿಯ ದನ, ಕುರುಬರ ಕುರಿ, ಆ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ. ಜೊತೆಗೆ ಕೃಷ್ಣಮೃಗ.

2008ರ ನಂತರ ಈ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಹೋಯಿತು. ಕಂದಾಯದ ದಫ್ತರದಲ್ಲಿ ಅದು ಸರ್ಕಾರಿ ಜಮೀನು, ಕೇಳುವ ಪ್ರಮೇಯವೇ ಬರಲಿಲ್ಲ. ಬೇಲಿ, ಗೋಡೆ ಎದ್ದಾಗಲೇ ಎಷ್ಟೋ ಹಳ್ಳಿಗಳಿಗೆ ವಿಷಯ ತಿಳಿದದ್ದು. 2013ರಲ್ಲಿ ದೂರು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಮುಟ್ಟಿತು. ಷರತ್ತುಗಳೊಂದಿಗೆ ಕೆಲಸ ಮುಂದುವರಿಯಿತು. ವಿಜ್ಞಾನ ಬೇಡವೆಂದು ಕುರಿ ಕಾಯುವವರು ಹೇಳಿದ್ದನ್ನು ನಾನು ಕೇಳಿಲ್ಲ. ಕುರಿ ಎಲ್ಲಿಗೆ ಹೊಡೆಯಲಿ ಎಂದು ಕೇಳುತ್ತಾರೆ.

2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆಯ ರಾಕೆಟ್ಟಿನ ಮಾದರಿಯೊಂದು ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ಇಳಿದು ಓಡುದಾರಿಯಲ್ಲಿ ನಿಂತಿತು. ಟೀವಿ ಮುಂದೆ ಕೂತು ನಾವೂ ಚಪ್ಪಾಳೆ ತಟ್ಟಿದೆವು. ಇಳಿದ ಜಾಗ ಚಿತ್ರದುರ್ಗದ ವೈಮಾನಿಕ ಪರೀಕ್ಷಾ ವಲಯ ಎಂದರು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ, 'ಅದು ವರವು ಕಾವಲಲ್ಲವೇನೋ' ಎಂದರು.