ಬೆಂಗಳೂರು ಪದ್ಧತಿಯ ಗೊಬ್ಬರ

ಕಸದಿಂದ ರಸವನ್ನು ತೆಗೆಯಬೇಕೆಂಬ ಮಾತು ಕನ್ನಡನಾಡಿನಲ್ಲಿ ಬಹು ಹಳೆಯದು. ಒಕ್ಕಲಿಗನ ಹಿತ್ತಿಲ ತಿಪ್ಪೆಯೇ ಅದಕ್ಕೆ ಸಾಕ್ಷಿ. ಸಗಣಿ, ಗಂಜಳ, ಒಲೆಯ ಬೂದಿ, ತರಗೆಲೆ ಇವೆಲ್ಲವೂ ಅಲ್ಲಿ ಕೊಳೆತು ಮರಳಿ ಹೊಲವನ್ನು ಸೇರುತ್ತಿದ್ದುವು. ಪಟ್ಟಣಗಳು ಬೆಳೆದಂತೆ ಹೊಲಕ್ಕೂ ತಿಪ್ಪೆಗೂ ಇದ್ದ ನಂಟು ಕಡಿಯಿತು. ಭೂಮಿಯ ಸಾರವು ಧಾನ್ಯದ ರೂಪದಲ್ಲಿ ಪಟ್ಟಣಕ್ಕೆ ಬರುವುದು. ಬಂದುದು ಹಿಂದಿರುಗದೆ ಚರಂಡಿಯಲ್ಲಿಯೋ ಊರಾಚೆಯ ಹಳ್ಳದಲ್ಲಿಯೋ ಹಾಳಾಗುವುದು. ಈ ನಂಟನ್ನು ಮತ್ತೆ ಬೆಸೆಯುವ ಕಾರ್ಯದಲ್ಲಿ ಬೆಂಗಳೂರಿನ ಒಂದು ವಿದ್ಯಾಸಂಸ್ಥೆಯು ವಹಿಸಿದ ಪಾತ್ರವು ಸ್ಮರಣೀಯವಾದುದು. ಆ ಕಾರ್ಯದಲ್ಲಿ ಉಳಿದುಹೋದ ಕೊರತೆಯೂ ಅಷ್ಟೇ ವಿಚಾರಾರ್ಹವಾದುದು.

ಜಮ್‌ಶೆಡ್‌ಜಿ ಟಾಟಾ ಅವರ ಸಂಕಲ್ಪದಿಂದ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನವು 1907ರಲ್ಲಿ 371 ಎಕರೆ ನೆಲವನ್ನು ನೀಡಿತು. 1909ರಲ್ಲಿ ಸಂಸ್ಥೆಯು ಸ್ಥಾಪಿತವಾಯಿತು. 1911ರಲ್ಲಿ ವಿದ್ಯಾರ್ಥಿಗಳು ಬಂದು ಸೇರಿದರು. 1916ರಲ್ಲಿ ಇಲ್ಲಿಗೆ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಫೌಲರ್ ಅವರು ಮ್ಯಾಂಚೆಸ್ಟರ್ ನಗರದ ಕೊಳಚೆನೀರಿನ ವಿಷಯದಲ್ಲಿ ದುಡಿದವರು. ಅವರ ಪ್ರೇರಣೆಯಿಂದಲೇ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರಲ್ಲಿ ಕೊಳಚೆನೀರಿಗೆ ಗಾಳಿಯನ್ನು ಹಾಯಿಸಿ, ಸೂಕ್ಷ್ಮಜೀವಿಗಳ ಮೂಲಕ ಅದನ್ನು ಶುದ್ಧಿಮಾಡುವ ಕ್ರಮವನ್ನು ಪ್ರಕಟಿಸಿದ್ದರು. ನೀರನ್ನು ತಿಳಿಮಾಡಿದರೆ ಸಾಲದು, ತಳದಲ್ಲಿ ನಿಂತ ಕೆಸರಿನ ಸಾರಜನಕವನ್ನು ಉಳಿಸಿ ನೆಲಕ್ಕೆ ಮುಟ್ಟಿಸಬೇಕು ಎಂಬುದು ಫೌಲರ್ ಅವರ ಮತ. ಈ ವಿಷಯವನ್ನೇ ಕುರಿತು ಅವರು 1934ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು.

ಇದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನೂ ಮಲವನ್ನೂ ಕೂಡಿಸಿ ಗೊಬ್ಬರ ಮಾಡುವ ವಿಧಾನವನ್ನು ಶೋಧಿಸಿ 1939ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು 1931ರಲ್ಲಿ ವಿವರಿಸಿದ ಇಂದೂರು ಪದ್ಧತಿಯು ಪ್ರಸಿದ್ಧವಾಗಿದ್ದಿತು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. ಗೊಬ್ಬರವು ಸುಮಾರು ಮೂರು ತಿಂಗಳಲ್ಲಿ ಸಿದ್ಧವಾಗುವುದಾದರೂ ದುಡಿಮೆ ಹೆಚ್ಚು. ಮಲ ಸೇರಿದ ರಾಶಿಯನ್ನು ಮಗುಚುವುದಂತೂ ದುಸ್ಸಹವಾದ ಕೆಲಸ. ಬೆಂಗಳೂರು ಪದ್ಧತಿಯು ಈ ಮಗುಚುವಿಕೆಯನ್ನೇ ಬಿಟ್ಟಿತು. ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸದ ಒಂದು ಪದರ, ಅದರ ಮೇಲೆ ಮಲದ ತೆಳುವಾದ ಪದರ, ಹೀಗೆ ಒಂದರ ಮೇಲೊಂದು ಹರಡಿ, ಕಡೆಗೆ ಕಸದಿಂದಲೂ ಮಣ್ಣಿನಿಂದಲೂ ಮುಚ್ಚುವುದು. ಮೊದಲ ಕೆಲವು ದಿನ ರಾಶಿಯು ಚೆನ್ನಾಗಿ ಕಾಯುವುದು. ಆ ಕಾವಿನಲ್ಲಿ ರೋಗಾಣುಗಳೂ ನೊಣದ ಹುಳುಗಳೂ ಸಾಯುವುವು. ಅನಂತರ ಗಾಳಿಯಿಲ್ಲದೆ ಮೆಲ್ಲನೆ ಕೊಳೆತು, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುವುದು. ಕಾಲವೂ ಸ್ಥಳವೂ ಹೆಚ್ಚು ಬೇಕು. ಆದರೆ ದುಡಿಮೆಯೂ ದುರ್ನಾತವೂ ಸಾರಜನಕದ ನಷ್ಟವೂ ಕಡಮೆ. ವಿಶ್ವ ಆರೋಗ್ಯ ಸಂಸ್ಥೆಯು 1956ರಲ್ಲಿ ಪ್ರಕಟಿಸಿದ ಗೊಬ್ಬರ ಕುರಿತ ಗ್ರಂಥದಲ್ಲಿಯೂ ಈ ಪದ್ಧತಿಗೆ ಸ್ಥಾನ ದೊರೆಯಿತು. ಕನ್ನಡನಾಡಿನ ಒಂದು ನಗರದ ಹೆಸರು ಹೀಗೆ ದೇಶಾಂತರಗಳ ಕೃಷಿಶಾಸ್ತ್ರವನ್ನು ಸೇರಿತು.

ಆದರೆ ಈ ಶಾಸ್ತ್ರವು ಗುಂಡಿಯ ಅಂಚಿನಿಂದ ಪ್ರಾರಂಭವಾಗುತ್ತದೆ. ಮಲವನ್ನು ಅಲ್ಲಿಯವರೆಗೆ ಹೊತ್ತು ತಂದವರು ಯಾರೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಹದಿನೇಳು ವರ್ಷ ಮೊದಲೇ ಬಂಗಾಳದ ಮತ್ತೊಂದು ವಿದ್ಯಾಪೀಠವು ಎದುರಿಸಿತ್ತು. 1922ರ ಫೆಬ್ರುವರಿಯಲ್ಲಿ ರವೀಂದ್ರನಾಥ ಠಾಕೂರರ ವಿಶ್ವಭಾರತಿಯ ಅಂಗವಾಗಿ ಸುರುಲ್ ಗ್ರಾಮದಲ್ಲಿ, ಮುಂದೆ ಶ್ರೀನಿಕೇತನವೆಂದು ಹೆಸರಾದ ಸ್ಥಳದಲ್ಲಿ, ಗ್ರಾಮೋದ್ಧಾರದ ಕೆಲಸವು ಆರಂಭವಾಯಿತು. ಅದರ ಮುಖ್ಯಸ್ಥರಾದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅವರು ಪಾಯಖಾನೆಯ ಕೆಲಸಕ್ಕೆ ಬೇರೆ ಜಾತಿಯವರನ್ನು ಕರೆಯಲಿಲ್ಲ. ತಾವೂ ವಿದ್ಯಾರ್ಥಿಗಳೂ ಸೇರಿ ಬಕೀಟುಗಳನ್ನು ಹೊತ್ತು ತೋಡಿದ ಗುಂಡಿಗಳಲ್ಲಿ ಸುರಿದು ಮಣ್ಣು ಮುಚ್ಚಿದರು. ಹೀಗೆ ಫಲವತ್ತಾದ ನೆಲದಲ್ಲಿ ತರಕಾರಿ ಬೆಳೆಯುವುದು ಶಿಕ್ಷಣದ ಒಂದು ಅಂಗವೇ ಆಯಿತು. ಅದೇ ವರ್ಷ ಅವರು ಕಲ್ಕತ್ತೆಯಲ್ಲಿ ನೆಲದ ಸಾರದ ಸುಲಿಗೆಯನ್ನು ಕುರಿತು ಉಪನ್ಯಾಸವಿತ್ತಾಗ ಠಾಕೂರರೇ ಅಧ್ಯಕ್ಷರಾಗಿದ್ದರು.

ಬೆಂಗಳೂರು ನೆಲದ ಋಣವನ್ನು ಲೆಕ್ಕಹಾಕಿತು. ಶ್ರೀನಿಕೇತನವು ಮನುಷ್ಯನ ಋಣವನ್ನೂ ಲೆಕ್ಕಕ್ಕೆ ಹಿಡಿಯಿತು. ಪುರಸಭೆಗಳಿಗೆ ಮೊದಲನೆಯ ಪಾಠವು ಒಪ್ಪಿಗೆಯಾಯಿತು, ಎರಡನೆಯದು ಆಗಲಿಲ್ಲ. ಮಲ ಹೊರುವ ಕೆಲಸವು ಕೆಲವೇ ಜಾತಿಗಳ ತಲೆಯ ಮೇಲೆ ಉಳಿಯಿತು. ಅದನ್ನು ನಿಷೇಧಿಸುವ ಕಾನೂನು ಬಂದುದು 1993ರಲ್ಲಿ. ಇನ್ನೂ ಬಿಗಿಯಾದ ಕಾನೂನು 2013ರಲ್ಲಿ. ಇವೆರಡರ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮಾಜದವರು ತಮ್ಮನ್ನು ವಾಸಸ್ಥಳದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರಿಗೆ ಮೈಮೇಲೆ ಮಲವನ್ನು ಸುರಿದುಕೊಂಡರು.

ಪದ್ಧತಿಗೆ ಹೆಸರಿತ್ತ ನಗರದ ಕಥೆಯೂ ಇದಕ್ಕಿಂತ ಸಮಾಧಾನಕರವಾಗಿಲ್ಲ. ಕೊಳೆಯುವ ಕಸದೊಡನೆ ಕೊಳೆಯದ ಪ್ಲಾಸ್ಟಿಕ್ಕೂ ಗಾಜೂ ಬೆರೆತ ಮೇಲೆ ಅದು ಗೊಬ್ಬರಕ್ಕೆ ಬಾರದಾಯಿತು. ಬೆಂಗಳೂರಿನ ಕಸವು ಮಾವಳ್ಳಿಪುರ, ಮಂಡೂರು ಮುಂತಾದ ಹಳ್ಳಿಗಳ ಅಂಚಿನಲ್ಲಿ ಬೆಟ್ಟದಂತೆ ಬಿದ್ದಿತು. ಅಲ್ಲಿನ ಜನರು ಪ್ರತಿಭಟಿಸಿದರು. 2014ರ ಕೊನೆಯಲ್ಲಿ ಮಂಡೂರಿಗೆ ಕಸ ಸಾಗಿಸುವುದು ನಿಂತಿತು. ಹಿಂದೆ ಪಟ್ಟಣದ ಕಸವು ಗೊಬ್ಬರವಾಗಿ ಹಳ್ಳಿಗೆ ಹೋಗಲಿ ಎಂದು ವಿಜ್ಞಾನಿಗಳು ಬಯಸಿದ್ದರು. ಈಗ ಅದು ಹಳ್ಳಿಗೆ ಕಸವಾಗಿಯೇ ಹೋಯಿತು. ಕಸವನ್ನು ಹುಟ್ಟಿದೆಡೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದುವು.

ಬೇರ್ಪಡಿಸುವ ಆ ಮೊದಲ ಕೆಲಸಕ್ಕೆ ಯಂತ್ರವೂ ಬೇಡ, ಪಾಂಡಿತ್ಯವೂ ಬೇಡ. ಕಸವನ್ನು ಮಾಡಿದ ಕೈಯೇ ಅದನ್ನು ವಿಂಗಡಿಸಬೇಕಾದುದಷ್ಟೆ. ರಸವನ್ನು ತೆಗೆಯುವ ವಿದ್ಯೆಯು ಬೆಂಗಳೂರಿನಲ್ಲಿ ದೊರೆತುದು. ಕಸವನ್ನು ತನ್ನದೆಂದು ಒಪ್ಪಿಕೊಳ್ಳುವ ವಿದ್ಯೆಯನ್ನು ಶ್ರೀನಿಕೇತನದ ವಿದ್ಯಾರ್ಥಿಗಳು ಬಕೀಟು ಹೊತ್ತು ಕಲಿತರು. ಇವೆರಡೂ ಒಂದೆಡೆ ಕೂಡದಿದ್ದರೆ ಯಾವ ಪದ್ಧತಿಯೂ ಪೂರ್ಣವಾಗದು.