ದಾರಿ ತೋರಿಸುವವನ ಕೂಲಿ
ಅಫಿಲಿಯೇಟ್ ಮಾರ್ಕೆಟಿಂಗ್ ನಡೆದು ಬಂದ ಹಾದಿ

ಕನ್ನಡದಲ್ಲಿ ‘ದಲ್ಲಾಳಿ’ ಎಂಬ ಮಾತಿಗೆ ಮರ್ಯಾದೆ ಕಡಿಮೆ. ರೈತನ ಬೆವರಿನ ಪಾಲು ತಿನ್ನುವವನು, ಎರಡೂ ಕಡೆ ನಾಲಿಗೆ ಇರುವವನು ಎಂಬ ಅರ್ಥದಲ್ಲೇ ನಾವು ಅದನ್ನು ಬಳಸುತ್ತೇವೆ. ಆದರೆ ಪದ ಹುಟ್ಟಿದಾಗ ಅದಕ್ಕೆ ಈ ಕಳಂಕ ಇರಲಿಲ್ಲ. ಅರಬಿಯ ‘ದಲ್ಲಾಲ್’ ಎಂದರೆ ದಾರಿ ತೋರಿಸುವವನು. ಪುರಾವೆ, ಆಧಾರ ಎಂಬ ಅರ್ಥದ ‘ದಲೀಲ್’ ಕೂಡ ಅದೇ ಧಾತುವಿನಿಂದ ಬಂದದ್ದು. ಕೊಳ್ಳುವವನಿಗೆ ಮಾಲು ಎಲ್ಲಿದೆ, ಮಾರುವವನಿಗೆ ಗಿರಾಕಿ ಎಲ್ಲಿದ್ದಾನೆ ಎಂದು ತೋರಿಸಿ, ತೋರಿಸಿದ್ದಕ್ಕೆ ಕೂಲಿ ಪಡೆಯುವವನೇ ದಲ್ಲಾಳಿ.

ಇಂಟರ್‌ನೆಟ್ಟಿನಲ್ಲಿ ಇಂದು ಇದೇ ಕೆಲಸ ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಯೂಟ್ಯೂಬಿನಲ್ಲಿ ಒಬ್ಬರು ಮಿಕ್ಸಿಯ ಗುಣಾವಗುಣ ವಿವರಿಸಿ, ‘ಲಿಂಕ್ ಕೆಳಗಿದೆ’ ಎನ್ನುತ್ತಾರೆ. ನಾವು ಆ ಲಿಂಕ್ ಒತ್ತಿ ಮಿಕ್ಸಿ ಕೊಂಡರೆ ಅಂಗಡಿಯವನು ಅವರಿಗೆ ಶೇಕಡಾ ಇಷ್ಟು ಎಂದು ಕೊಡುತ್ತಾನೆ. ಸಾಮಾನ್ಯವಾಗಿ ನಾವು ಕೊಡುವ ಬೆಲೆಯಲ್ಲಿ ವ್ಯತ್ಯಾಸವೇನೂ ಕಾಣುವುದಿಲ್ಲ. ಹಾಗಿದ್ದರೆ ಇದರಲ್ಲಿ ಚರ್ಚಿಸಲು ಏನಿದೆ? ಈ ಹೊಸ ದಲ್ಲಾಳಿಯ ಮೂರು ದಶಕಗಳ ಚರಿತ್ರೆಯನ್ನು ನೋಡಿದರೆ ಚರ್ಚೆಯ ವಿಷಯ ತಾನಾಗಿಯೇ ಎದುರಿಗೆ ಬರುತ್ತದೆ.

ಹಳೆಯ ಪೇಟೆಯ ಕಟ್ಟಳೆ

ಪ್ರವಾದಿ ಮುಹಮ್ಮದ್ (ಸ) ಅವರ ಕಾಲದ ಮದೀನಾದಲ್ಲಿ ಪೇಟೆಯವರನ್ನು ‘ಸಮಾಸಿರಾ’ ಎಂದು ಕರೆಯುತ್ತಿದ್ದರು. ಅದು ‘ಸಿಮ್ಸಾರ್’ ಎಂಬುದರ ಬಹುವಚನ. ಮಧ್ಯವರ್ತಿ ಎಂದು ಅರ್ಥ. ಇಟಲಿಯವರು ದಲ್ಲಾಳಿಗೆ ಹೇಳುವ ‘ಸೆನ್ಸಾಲೆ’ ಈ ಪದದಿಂದಲೇ ಹುಟ್ಟಿದ್ದು. ಪ್ರವಾದಿಯವರು ಅವರನ್ನು ಅದಕ್ಕಿಂತ ಒಳ್ಳೆಯ ಹೆಸರಿನಿಂದ, ‘ತುಜ್ಜಾರ್’ ಅಂದರೆ ವರ್ತಕರು ಎಂದು ಕರೆದರೆಂದೂ, ವ್ಯಾಪಾರದಲ್ಲಿ ಪೊಳ್ಳು ಮಾತು ಮತ್ತು ಆಣೆ ಸೇರಿಕೊಳ್ಳುವುದರಿಂದ ಅದರೊಂದಿಗೆ ದಾನವನ್ನೂ ಬೆರೆಸಬೇಕೆಂದು ಉಪದೇಶಿಸಿದರೆಂದೂ ಅಬೂದಾವೂದ್ ಸಂಗ್ರಹದ ಹದೀಸ್ ತಿಳಿಸುತ್ತದೆ. ಕೊಳ್ಳುವ ಮನಸ್ಸಿಲ್ಲದೆ ಕೇವಲ ಬೆಲೆ ಏರಿಸುವುದಕ್ಕಾಗಿ ಹರಾಜು ಕೂಗುವ ‘ನಜ್ಶ್’ ನಿಷಿದ್ಧವಾಗಿತ್ತು. ಇಮಾಮ್ ಬುಖಾರಿಯವರು ದಲ್ಲಾಳಿಯ ಕೂಲಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಇಬ್ನ್ ಸೀರೀನ್, ಹಸನ್ ಮೊದಲಾದವರು ಅದನ್ನು ತಪ್ಪೆಂದು ಕಂಡಿರಲಿಲ್ಲವೆಂದು ದಾಖಲಿಸಿದ್ದಾರೆ.

ಅಂದರೆ ತಕರಾರು ಕೂಲಿಯ ಬಗ್ಗೆ ಇರಲಿಲ್ಲ. ಮುಚ್ಚುಮರೆಯ ಬಗ್ಗೆ ಇತ್ತು. ದಿಲ್ಲಿಯಲ್ಲಿ ಅಲಾವುದ್ದೀನ್ ಖಿಲ್ಜಿ (1296-1316) ಪೇಟೆಯ ಬೆಲೆಗಳನ್ನು ನಿಗದಿ ಮಾಡಿದಾಗ ಕುದುರೆ ಪೇಟೆಯ ದಲ್ಲಾಳಿಗಳನ್ನು ಕಠಿಣವಾಗಿ ಶಿಕ್ಷಿಸಿದನೆಂದು ಚರಿತ್ರೆಕಾರ ಝಿಯಾವುದ್ದೀನ್ ಬರನಿ ಬರೆಯುತ್ತಾನೆ. ಮಾರುವವನಿಂದಲೂ ಕೊಳ್ಳುವವನಿಂದಲೂ ಹಣ ಕೀಳುತ್ತಿದ್ದರೆಂಬುದು ಅವರ ಮೇಲಿದ್ದ ದೂರು. ನಮ್ಮ ದನಗಳ ಜಾತ್ರೆಗಳಲ್ಲಿ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವುದನ್ನು ಹಲವರು ನೋಡಿರಬಹುದು. ಅಲ್ಲಿ ಬೆಲೆ ಮರೆಯಲ್ಲಿರುತ್ತದೆ, ದಲ್ಲಾಳಿ ಮಾತ್ರ ಎಲ್ಲರ ಕಣ್ಣೆದುರಿಗೇ ನಿಂತಿರುತ್ತಾನೆ. ಇಂದಿನ ಪೇಟೆಯಲ್ಲಿ ಬೆಲೆ ಎಲ್ಲರಿಗೂ ಕಾಣುತ್ತದೆ, ದಲ್ಲಾಳಿಯೇ ಕಾಣುವುದಿಲ್ಲ.

ಹೂವು, ಹಾಡು, ಪುಸ್ತಕ

ಕಂಪ್ಯೂಟರಿನ ತೆರೆಯ ಮೇಲೆ ವ್ಯಾಪಾರ ಶುರುವಾದದ್ದು ನಾವು ಇಂಟರ್‌ನೆಟ್ ಎಂದು ಕರೆಯುವ ಜಾಲ ಮನೆಮಾತಾಗುವ ಮೊದಲೇ. 1989ರಲ್ಲಿ ಅಮೆರಿಕದ ವಿಲಿಯಂ ಟೋಬಿನ್ ‘ಪ್ರಾಡಿಜಿ’ ಎಂಬ ಖಾಸಗಿ ಜಾಲದಲ್ಲಿ ಹೂವಿನ ಅಂಗಡಿ ತೆರೆದರು. ಬೇರೆಯವರ ತಾಣಗಳ ಮೂಲಕ ಗಿರಾಕಿಗಳನ್ನು ಪಡೆದು ಅದಕ್ಕೆ ಕಮಿಷನ್ ಕೊಡುವ ವಿಧಾನಕ್ಕೆ ಅವರು 1996ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದು ಮಂಜೂರಾದದ್ದು 2000ದ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಬೇರೆಯವರು ಬಹಳ ಮುಂದೆ ಹೋಗಿದ್ದರು. ಹೇಳಲು ಸಂಕೋಚವಾದರೂ ಚರಿತ್ರೆಯಲ್ಲಿ ಇದನ್ನು ಬಿಡುವಂತಿಲ್ಲ: ಈ ಪದ್ಧತಿಯನ್ನು ಮೊದಮೊದಲು ಪಳಗಿಸಿದವರಲ್ಲಿ ಅಶ್ಲೀಲ ತಾಣಗಳವರೂ ಇದ್ದರು. 1994ರ ನವೆಂಬರಿನಲ್ಲಿ ಹಾಡಿನ ಸಿಡಿ ಮಾರುವ ‘ಸಿಡಿನೌ’ ಕಂಪನಿ, ಸಂಗೀತದ ಬಗ್ಗೆ ಬರೆಯುವ ತಾಣಗಳು ತನ್ನ ಅಂಗಡಿಗೆ ಕೊಂಡಿ ಕೊಡುವ ಏರ್ಪಾಡು ಮಾಡಿತು. 1996ರ ಜುಲೈಯಲ್ಲಿ ಆಗಿನ್ನೂ ಪುಸ್ತಕದಂಗಡಿಯಾಗಿದ್ದ ಅಮೆಜಾನ್ ತನ್ನ ‘ಅಸೋಸಿಯೇಟ್ಸ್’ ಯೋಜನೆಯನ್ನು ಎಲ್ಲರಿಗೂ ತೆರೆಯಿತು.

ಅಮೆಜಾನಿನ ಈ ಹೆಜ್ಜೆ ದೊಡ್ಡದು. ತೋಟಗಾರಿಕೆಯ ಬಗ್ಗೆ ಹವ್ಯಾಸಕ್ಕಾಗಿ ಬರೆಯುವ ಮೇಷ್ಟ್ರು ತನಗೆ ಮೆಚ್ಚಿಗೆಯಾದ ಪುಸ್ತಕಕ್ಕೆ ಒಂದು ಕೊಂಡಿ ಕೊಡಬಹುದು. ಓದುಗ ಕೊಂಡರೆ ನಾಲ್ಕು ಕಾಸು ಸಿಗುತ್ತದೆ. ಬಂಡವಾಳ ಬೇಡ, ಗೋದಾಮು ಬೇಡ. ಅಂಗಡಿಯವನಿಗೂ ಅನುಕೂಲ: ಪತ್ರಿಕೆಯ ಜಾಹೀರಾತಿಗೆ ಮಾಲು ಹೋಗಲಿ ಬಿಡಲಿ ದುಡ್ಡು ಸುರಿಯಬೇಕು, ಇಲ್ಲಿ ಮಾಲು ಹೋದ ಮೇಲೆ ಕೊಟ್ಟರಾಯಿತು. 1996ರಲ್ಲೇ ‘ಲಿಂಕ್‌ಶೇರ್’, 1998ರಲ್ಲಿ ‘ಕಮಿಷನ್ ಜಂಕ್ಷನ್’ ಹುಟ್ಟಿಕೊಂಡು, ನೂರಾರು ಅಂಗಡಿಗಳನ್ನೂ ಸಾವಿರಾರು ತಾಣಗಳನ್ನೂ ಒಂದೇ ಲೆಕ್ಕಪುಸ್ತಕದಡಿ ತಂದವು. ದಲ್ಲಾಳಿಗಳಿಗೇ ದಲ್ಲಾಳಿಗಳು ಹುಟ್ಟಿದರು. 2005ರಲ್ಲಿ ಜಪಾನಿನ ರಕುಟೆನ್ ಕಂಪನಿ ಲಿಂಕ್‌ಶೇರನ್ನು 42.5 ಕೋಟಿ ಡಾಲರಿಗೆ ಕೊಂಡಿತು.

ಚೀಟಿಯ ಮಹಿಮೆ

ಗಿರಾಕಿಯನ್ನು ಯಾರು ಕಳಿಸಿದರೆಂದು ಅಂಗಡಿಗೆ ಗೊತ್ತಾಗುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ರೂಪಿಸಿದ ‘ಕುಕಿ’ ಇದಕ್ಕೆ ಒದಗಿತು. ಅದು ನಮ್ಮ ಕಂಪ್ಯೂಟರಿನಲ್ಲಿ ನಮಗರಿವಿಲ್ಲದೆ ಇಟ್ಟುಹೋಗುವ ಒಂದು ಚೀಟಿ. ‘ಇವರನ್ನು ಕಳಿಸಿದವನು ಇಂಥವನು’ ಎಂಬ ಗುರುತು ಅದರಲ್ಲಿರುತ್ತದೆ. ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ ಈ ಚೀಟಿಗೆ ಬೆಲೆಯಿದೆ. ಪುಸ್ತಕದ ಕೊಂಡಿ ಒತ್ತಿ ಹೋದವನು ಕುಕ್ಕರ್ ಕೊಂಡರೂ ಕಳಿಸಿದವನಿಗೆ ಪಾಲು ಸಿಗುತ್ತದೆ. ಹಲವರ ಚೀಟಿ ಇದ್ದರೆ, ಕೊನೆಯಲ್ಲಿ ಚೀಟಿ ಇಟ್ಟವನಿಗೇ ಪೂರ್ತಿ ಕಮಿಷನ್ ಎಂಬುದು ಬಹುತೇಕ ಕಡೆ ನಿಯಮವಾಯಿತು.

ನಿಯಮ ಸರಳವಾದಷ್ಟೂ ಕಳ್ಳನಿಗೆ ಸಲೀಸು. ದಾರಿ ತೋರಿಸದೆಯೇ ಚೀಟಿ ಅಂಟಿಸಿದರೆ? ‘ಈಬೇ’ ಹರಾಜು ತಾಣದಲ್ಲಿ ನಡೆದದ್ದು ಇದೇ. ಬೇರೆ ಯಾವುದೋ ಪುಟ ನೋಡುತ್ತಿದ್ದ ಲಕ್ಷಾಂತರ ಜನರ ಕಂಪ್ಯೂಟರಿಗೆ ಗುಟ್ಟಾಗಿ ಚೀಟಿ ಸೇರಿಸಿ, ಅವರು ಮುಂದೆ ತಮ್ಮಷ್ಟಕ್ಕೆ ಈಬೇಗೆ ಹೋಗಿ ಏನಾದರೂ ಕೊಂಡಾಗ ಕಮಿಷನ್ ವಸೂಲಿ ಮಾಡಲಾಯಿತು. ಕಂಪನಿ 2008ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಸಿಕ್ಕಿಬಿದ್ದವರು ಬೀದಿಬದಿಯ ಪುಡಿಗಳ್ಳರಲ್ಲ, ಕಂಪನಿಯ ಅಫಿಲಿಯೇಟ್ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದ್ದ ಇಬ್ಬರು. 2014ರಲ್ಲಿ ಇಬ್ಬರಿಗೂ ಜೈಲು ಶಿಕ್ಷೆಯಾಯಿತು.

ಈ ಚೀಟಿಯ ಜಗಳ ಇನ್ನೂ ಮುಗಿದಿಲ್ಲ. ಕೊಳ್ಳುವವರಿಗೆ ರಿಯಾಯಿತಿ ಕೂಪನ್ ಹುಡುಕಿಕೊಡುವ ‘ಹನಿ’ ಎಂಬ ಸಾಧನವನ್ನು ಪೇಪಾಲ್ ಕಂಪನಿ ಸುಮಾರು 400 ಕೋಟಿ ಡಾಲರಿಗೆ ಕೊಂಡಿತ್ತು. ಅದು ಹಣ ಪಾವತಿಯ ಕೊನೆಯ ಗಳಿಗೆಯಲ್ಲಿ ಇತರರ ಚೀಟಿ ಕಿತ್ತು ತನ್ನದನ್ನು ಅಂಟಿಸುತ್ತದೆ ಎಂಬ ಆರೋಪ 2024ರ ಡಿಸೆಂಬರಿನಲ್ಲಿ ಭುಗಿಲೆದ್ದಿತು. ಕಂಪನಿ ತಾನು ಉದ್ಯಮದ ನಿಯಮದಂತೆಯೇ ನಡೆದಿದ್ದೇನೆ ಎಂದಿತು. ವಿಡಿಯೋ ಮಾಡಿ ಬದುಕುವ ಹಲವರು ಮೊಕದ್ದಮೆ ಹೂಡಿದರು.

ಯಜಮಾನನ ಕೈಯಲ್ಲಿ ಜುಟ್ಟು

ಇದರ ಮಧ್ಯೆ ಪ್ರಾಮಾಣಿಕರೂ ಬೆಳೆದರು. 2011ರಲ್ಲಿ ಶುರುವಾದ ‘ವೈರ್‌ಕಟರ್’ ತಾಣ ವಸ್ತುಗಳನ್ನು ಪರೀಕ್ಷಿಸಿ, ಒಳ್ಳೆಯದು ಇದೊಂದು ಎಂದು ಹೇಳುತ್ತ ಕಮಿಷನ್ನಿನಿಂದಲೇ ಬದುಕಿತು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ಆದರೆ ಈ ಬದುಕು ಪರಾಧೀನ. 2008ರಲ್ಲಿ ನ್ಯೂಯಾರ್ಕ್ ರಾಜ್ಯ, ಅಫಿಲಿಯೇಟ್‌ಗಳು ತನ್ನ ನೆಲದಲ್ಲಿದ್ದರೆ ಅಂಗಡಿಯೂ ಅಲ್ಲಿದ್ದಂತೆಯೇ ಎಂದು ಮಾರಾಟ ತೆರಿಗೆ ಕೇಳಿತು. ಇಂಥ ಕಾನೂನು ಬಂದ ಕೆಲವು ರಾಜ್ಯಗಳಲ್ಲಿ ಕಂಪನಿಗಳು ಅಲ್ಲಿನ ಅಫಿಲಿಯೇಟ್‌ಗಳನ್ನೇ ಕೈಬಿಟ್ಟವು. 2020ರ ಏಪ್ರಿಲಿನಲ್ಲಿ, ಕೊರೋನಾದಿಂದ ಜನ ಮನೆಯೊಳಗೆ ಕುಳಿತು ಆನ್‌ಲೈನಿನಲ್ಲೇ ಕೊಳ್ಳುತ್ತಿದ್ದಾಗ, ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇಕಡಾ 8ರಿಂದ 3ಕ್ಕೆ ಇಳಿಸಿತು. ಅಡಿಕೆ ಮಂಡಿಯ ದಲ್ಲಾಳಿಯೊಂದಿಗೆ ಎದುರು ಕೂತು ಜಗಳವಾಡಬಹುದು. ಇಲ್ಲಿ ಎದುರು ಕೂರಲು ಯಾರೂ ಇಲ್ಲ. ಒಂದು ಇಮೇಲ್ ಬರುತ್ತದೆ, ಅಷ್ಟೇ.

ಬೆಂಗಳೂರಿನಿಂದ ವಾಟ್ಸಾಪಿಗೆ

ಭಾರತದಲ್ಲಿ ಈ ಕಥೆ ಬೆಂಗಳೂರಿನೊಂದಿಗೆ ಹೆಣೆದುಕೊಂಡಿದೆ. 2007ರಲ್ಲಿ ಇಲ್ಲಿ ಪುಸ್ತಕದಂಗಡಿಯಾಗಿ ಹುಟ್ಟಿದ ಫ್ಲಿಪ್‌ಕಾರ್ಟ್, 2013ರ ಜೂನಿನಲ್ಲಿ ಭಾರತಕ್ಕೆ ಬಂದ ಅಮೆಜಾನ್ ಎರಡೂ ಅಫಿಲಿಯೇಟ್ ಪದ್ಧತಿಯನ್ನು ಬಳಸಿದವು. ಇವೆರಡಕ್ಕಿಂತ ಭಿನ್ನವಾದ ದಾರಿ ಹಿಡಿದದ್ದು 2015ರಲ್ಲಿ ಬೆಂಗಳೂರಿನಲ್ಲೇ ಶುರುವಾದ ‘ಮೀಶೋ’. ಸೀರೆ, ಚೂಡಿದಾರ, ಮನೆಸಾಮಾನುಗಳ ಚಿತ್ರಗಳನ್ನು ಹೆಂಗಸರು ವಾಟ್ಸಾಪಿನಲ್ಲಿ ಬಂಧುಬಳಗಕ್ಕೆ ಕಳಿಸುವುದು, ಕಂಪನಿಯ ಬೆಲೆಯ ಮೇಲೆ ತಮ್ಮ ಲಾಭ ಸೇರಿಸಿ ಹೇಳುವುದು, ಮಾಲನ್ನು ಕಂಪನಿಯೇ ಮನೆಗೆ ತಲುಪಿಸುವುದು. ಹೊಸಿಲು ದಾಟಿ ದುಡಿಯಲು ಅವಕಾಶವಿಲ್ಲದ ಎಷ್ಟೋ ಮಹಿಳೆಯರಿಗೆ, ನಮ್ಮ ಸಮುದಾಯದವರೂ ಸೇರಿ, ಇದು ಕೈಗೆ ನಾಲ್ಕು ಕಾಸು ತಂದಿತು. ‘ಈ ಬಟ್ಟೆ ಮಾರು, ಇಷ್ಟಕ್ಕಿಂತ ಹೆಚ್ಚು ಬಂದದ್ದು ನಿನ್ನದು’ ಎಂಬ ಒಪ್ಪಂದದಲ್ಲಿ ತಪ್ಪಿಲ್ಲವೆಂದು ಇಬ್ನ್ ಅಬ್ಬಾಸ್ ಹೇಳಿದ್ದರೆಂದು ಬುಖಾರಿಯವರ ಅದೇ ಅಧ್ಯಾಯ ನೆನೆಯುತ್ತದೆ. ಕೂಲಿ ಎಷ್ಟೆಂದು ಮೊದಲೇ ಗೊತ್ತಿರಬೇಕೆಂದು ಬೇರೆ ವಿದ್ವಾಂಸರು ಇದನ್ನು ಒಪ್ಪದಿರುವುದೂ ಉಂಟು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಆ ಚರ್ಚೆ ನಮ್ಮ ಬೀದಿಯ ಹೆಣ್ಣುಮಕ್ಕಳ ಮೊಬೈಲಿನೊಳಗೆ ಮತ್ತೆ ಜೀವ ತಳೆಯಿತು. ಆದರೆ ಗಿರಾಕಿಗಳ ಪರಿಚಯವಾದ ಮೇಲೆ ಕಂಪನಿ ನೇರವಾಗಿ ಅವರಿಗೇ ಮಾರುವತ್ತ ಹೊರಳಿತು. 2025ರ ಡಿಸೆಂಬರಿನಲ್ಲಿ ಅದು ಷೇರುಪೇಟೆಗೂ ಬಂತು. ಮೊದಲು ಮನೆಬಾಗಿಲು ತೆರೆದುಕೊಟ್ಟ ಮಹಿಳೆಯರು ಹಿನ್ನೆಲೆಗೆ ಸರಿದರು. ದಾರಿ ತಿಳಿದ ಮೇಲೆ ದಾರಿ ತೋರಿಸಿದವರ ಹಂಗೇಕೆ?

2024ರ ಅಕ್ಟೋಬರಿನಲ್ಲಿ ಯೂಟ್ಯೂಬ್, ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆ ಸೇರಿ ವಿಡಿಯೋದೊಳಗೇ ಸರಕಿನ ಕೊಂಡಿ ಇಡುವ ಅಫಿಲಿಯೇಟ್ ಯೋಜನೆಯನ್ನು ಭಾರತದಲ್ಲಿ ಆರಂಭಿಸಿತು. ಅಡುಗೆ, ಕೃಷಿ, ಮೊಬೈಲ್ ರಿಪೇರಿ, ಮದರಂಗಿ ಯಾವ ವಿಷಯವಾದರೂ ಸರಿ, ಕನ್ನಡದಲ್ಲಿ ಮಾತನಾಡುವವರ ಕೆಳಗೊಂದು ಕೊಂಡಿ ಇರುವುದು ಈಗ ಸಾಮಾನ್ಯ.

ನಂಬಿಕೆಯ ಬೆಲೆ

ಸರಕು ಮಿಕ್ಸಿಯಾಗಿರುವತನಕ ನಷ್ಟ ಸಣ್ಣದು. ಆದರೆ ಕಮಿಷನ್ ಜಾಸ್ತಿ ಸಿಗುವುದು ಮಿಕ್ಸಿಗಲ್ಲ. ಷೇರು ಖಾತೆಗೆ, ಸಾಲದ ಆ್ಯಪಿಗೆ, ಬೆಟ್ಟಿಂಗಿಗೆ. 2024ರ ಆಗಸ್ಟಿನಲ್ಲಿ ಸೆಬಿ, ತನ್ನಲ್ಲಿ ನೋಂದಾಯಿಸದೆ ಹೂಡಿಕೆಯ ಸಲಹೆ ನೀಡುವವರೊಂದಿಗೆ ಬ್ರೋಕರುಗಳು ನಂಟು ಇಟ್ಟುಕೊಳ್ಳಬಾರದೆಂದು ವಿಧಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿತು. ಇನ್ನೊಂದು ಬಗೆಯೂ ಇದೆ. ‘ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸುತ್ತೇವೆ’ ಎಂದು ಕೋರ್ಸ್ ಮಾರುವುದು, ಕೊಂಡವನು ಅದೇ ಕೋರ್ಸನ್ನು ಇನ್ನೊಬ್ಬನಿಗೆ ಮಾರಿ ಕಮಿಷನ್ ಪಡೆಯುವುದು. ಕೆಲಸ ಸಿಗದ ಪದವೀಧರ ಹುಡುಗರು ಇದರ ಮೊದಲ ಬಲಿ. ಇಲ್ಲಿ ಸರಕೇ ಇಲ್ಲ, ಇರುವುದು ಸರಪಳಿ ಮಾತ್ರ. ಇಂಥ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಶಿಫಾರಸಿನ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ನಮ್ಮ ಸಮುದಾಯಕ್ಕೆ ಬೇರೆಯವರು ಹೇಳಿಕೊಡಬೇಕಿಲ್ಲ. 2019ರ ಜೂನಿನಲ್ಲಿ ಬೆಂಗಳೂರಿನ ಐ.ಎಂ.ಎ. ಕುಸಿದಾಗ ಹತ್ತಾರು ಸಾವಿರ ಜನ, ಬಹುಪಾಲು ಮುಸ್ಲಿಮರು, ಮಗಳ ಮದುವೆಗೆಂದು, ಹಜ್ಜಿಗೆಂದು ಕೂಡಿಟ್ಟ ಹಣ ಕಳೆದುಕೊಂಡರು. ಅದು ಅಫಿಲಿಯೇಟ್ ವ್ಯಾಪಾರವಲ್ಲ, ಅದರ ಬಗೆಯೇ ಬೇರೆ. ಆದರೆ ಜನ ಅಲ್ಲಿಗೆ ಹೋದದ್ದು ಲೆಕ್ಕಪತ್ರ ಓದಿಯಲ್ಲ. ‘ಹಲಾಲ್’ ಎಂಬ ಪದವನ್ನೂ ತಮಗೆ ಪರಿಚಿತರಾದ ಮುಖಗಳನ್ನೂ ನಂಬಿ ಹೋದರು.

ಅಮೆರಿಕದ ವಾಣಿಜ್ಯ ಆಯೋಗ 2009ರಲ್ಲೇ, ಹೊಗಳುವವನು ತನಗೆ ಹಣ ಸಂದಾಯವಾಗುವುದನ್ನು ತಿಳಿಸಬೇಕೆಂದು ಮಾರ್ಗಸೂಚಿ ತಂದಿತ್ತು. ಭಾರತದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಅದನ್ನೇ ಹೇಳಿದವು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಲು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಕನ್ನಡದಲ್ಲಿ ಅರ್ಧ ಗಂಟೆ ಹೊಗಳಿ, ಕೊನೆಯಲ್ಲಿ ಓದಲಾಗದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕಮಿಷನ್ನಿನ ವಿಷಯ ಸೇರಿಸುವವರಿದ್ದಾರೆ. ಹೊಗಳಿದ ಭಾಷೆಯಲ್ಲೇ ಅದನ್ನೂ ಹೇಳಿದರೆ ಕಳೆದುಕೊಳ್ಳುವುದೇನು?

ಈ ವೃತ್ತಿಯನ್ನು ಹಳಿಯಬೇಕಾಗಿಲ್ಲ. ಒಳ್ಳೆಯ ಮಾಲು ಎಲ್ಲಿದೆಯೆಂದು ಹೇಳುವವನ ಶ್ರಮಕ್ಕೆ ಕೂಲಿ ನ್ಯಾಯವೇ. ಆದರೆ ಎಪಿಎಂಸಿ ಯಾರ್ಡಿನಲ್ಲಿ ಕಮಿಷನ್ ಏಜೆಂಟನಿಗೆ ಪರವಾನಗಿ ಇರುತ್ತದೆ, ದರ ಇರುತ್ತದೆ, ಹೆಸರಿನ ಬೋರ್ಡು ಇರುತ್ತದೆ. ರೈತ ಅವನನ್ನು ನೇರವಾಗಿ, ‘ನಿನ್ನ ದಲ್ಲಾಳಿ ಎಷ್ಟಪ್ಪಾ?’ ಎಂದು ಕೇಳುತ್ತಾನೆ. ಮೊಬೈಲಿನ ತೆರೆಯ ಮೇಲೆ ನಗುತ್ತ ನಿಂತವರನ್ನೂ ಹಾಗೆ ಕೇಳುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು. ಕೇಳುವ ಮೊದಲೇ ಹೇಳುವವರ ಕೊಂಡಿಯನ್ನು ಧಾರಾಳವಾಗಿ ಒತ್ತೋಣ. ಅವರ ಕೂಲಿ ಅವರಿಗೆ ಸಲ್ಲಲಿ.